ಹಾಸುಗಲ್ಲಿನ ಮೇಲೆ ಹನ್ನೊಂದು ಗೆರೆ

2024ರ ನವೆಂಬರ್ 18, ಸೋಮವಾರ, ಬೆಳಿಗ್ಗೆ 5 ಗಂಟೆ 40 ನಿಮಿಷ. ಸೇಡಂನ ಒಂದು ಮನೆಯಲ್ಲಿ ರಮಾಬಾಯಿ ಮೊಣಕಾಲೂರಿ ಕುಳಿತು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಾರೆ. ಮಂಚದಿಂದ ಹೊಸ್ತಿಲವರೆಗೆ ಒಂದೂವರೆ ಅಡಿಗೊಂದರಂತೆ ಹನ್ನೊಂದು ಅಡ್ಡಗೆರೆ. ಮಂಚದ ಮೇಲೆ ಅಮೃತಪ್ಪ, ಎಪ್ಪತ್ತೆರಡು ವರ್ಷದ ನಿವೃತ್ತ ಭೂಮಾಪಕರು. ದಿನವೂ ಈ ಗೆರೆಗಳನ್ನು ದಾಟಿಯೇ ಅವರು ಹೊರಗಿನ ಕಟ್ಟೆ ಸೇರುವುದು. ಇವತ್ತು ದಾಟುತ್ತಾರೋ ಇಲ್ಲವೋ ಹೇಳುವಂತಿಲ್ಲ. ನಿನ್ನೆ ಸಂಜೆ ಮೊದಲ ಸಲ ಅವರಿಗೆ ಮಂಚದ ಕೆಳಗೆ ಇಲ್ಲದ ನಾಯಿಯೊಂದು ಕಂಡಿದೆ.

"ನಾಯಿ ಕಂಡೋರಿಗಿ ಗೆರಿ ಹಾವಾಗಿ ಕಾಣಬಾರದೇನ್ರಿ?" ಎನ್ನುತ್ತಾರೆ ರಮಾಬಾಯಿ. "ಹಾವು ಅಂದ್ರ ಅಳಸಬೇಕು. ಅಳಸಿದ್ರ ಇವರು ನಡಿಯಂಗಿಲ್ಲ."

ಅಮೃತಪ್ಪನವರಿಗಿರುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡೆಯುತ್ತಿದ್ದ ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿದಂತೆ ನಿಲ್ಲುತ್ತದೆ. ಎದುರಿಗೆ ಗೆರೆಯಿದ್ದರೆ ಅದನ್ನು ದಾಟುವ ನೆವದಲ್ಲಿ ಹಲವರಿಗೆ ಮತ್ತೆ ಏಳುತ್ತದೆ. ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲುಗಳ ಸಂದು ಎರಡಡಿಗೊಂದು. ಅಮೃತಪ್ಪನವರ ಹೆಜ್ಜೆ ಈಗ ಅಷ್ಟು ದೂರ ಹೋಗದು. ಅದಕ್ಕೇ ಸುಣ್ಣದ ಗೆರೆ.

ಗುಂಡಗುರ್ತಿಯ ರಮಾಬಾಯಿಗೆ ಐವತ್ತೊಂದು ವರ್ಷ. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರು. ಎಂಟು ವರ್ಷದಿಂದ ಮನೆಮನೆಗೆ ಹೋಗಿ ವೃದ್ಧರ ಆರೈಕೆ. ತನಗಿಂತ ಒಂದು ಗೇಣು ಎತ್ತರದವರನ್ನು ಎಬ್ಬಿಸಿ ಎಬ್ಬಿಸಿ ಸೊಂಟ ಹಿಡಿದಿದೆ. ಮಧ್ಯಾಹ್ನದವರೆಗೆ ಸೇಡಂ, ಆಮೇಲೆ ರೈಲು ಹಿಡಿದು ವಾಡಿ.

ವಾಡಿಯಲ್ಲಿ ಅವರು ನೋಡಿಕೊಳ್ಳುವ ವೃದ್ಧೆ ಇಮಾಮ್ಬೀ ಅವರ ಮನೆಯಲ್ಲೂ ಇದೇ ಕಲ್ಲು. ಆದರೆ ಇಮಾಮ್ಬೀ ಅವರ ಕಣ್ಣಿಗೆ ಸಂದುಗಳೇ ಹಾವು. ರಮಾಬಾಯಿ ಅವುಗಳ ಮೇಲೆ ಒಂದೇ ಬಣ್ಣದ ಚಾಪೆ ಹಾಸಿದ್ದಾರೆ. ಇಮಾಮ್ಬೀ ಅವರಿಗೆ ಮೊದಲು ಲೆಕ್ಕ ತಪ್ಪಿತು, ಮೂಲೆಯಲ್ಲಿ ಇಲ್ಲದ ಮಕ್ಕಳು ಕೂತಂತೆ ಕಂಡರು. "ಆ ಕೂಸುಗಳಿಗಿ ಚಾ ಕೊಡು ಅಂತಿದ್ರು. ನಾ ಕಪ್ಪು ಇಟ್ಟು, ಆಮ್ಯಾಲ ನಾನೇ ಕುಡೀತಿದ್ದೆ," ಎಂದು ರಮಾಬಾಯಿ ನಗುತ್ತಾರೆ. ಎಂಟು ತಿಂಗಳ ನಂತರ ಮೈ ಬಿಗಿಯಿತು, ನಡಿಗೆ ಕುಂಟಿತು. ಅಮೃತಪ್ಪನವರದು ತಿರುಗುಮುರುಗು. ಕೈ ನಡುಕಕ್ಕೆ ಆರು ವರ್ಷ, ಬುದ್ಧಿ ಮಂಕಾಗಿದ್ದು ಹೋದ ವರ್ಷ.

ಇಬ್ಬರ ಕಾಯಿಲೆಗೂ ಹೆಸರು ಬೇರೆ, ಆದರೆ ಎರಡರಲ್ಲೂ ಮಿದುಳಿನ ಕೋಶಗಳಲ್ಲಿ ಸೇರಿಕೊಳ್ಳುವುದು ಒಂದೇ ಪ್ರೋಟೀನಿನ ಗಂಟು. ಒಂದು ಹೊತ್ತು ಚುರುಕು, ಇನ್ನೊಂದು ಹೊತ್ತು ಮಂಕು, ಇಲ್ಲದ್ದು ಕಾಣುವುದು, ಇವೂ ಎರಡರಲ್ಲಿವೆ. ವೈದ್ಯರು ಮುಖ್ಯವಾಗಿ ನೋಡುವುದು ಯಾವುದು ಮೊದಲು ಬಂತು ಎಂಬುದನ್ನು. ನಡುಕ, ಬಿಗಿತ ಬಂದು ವರ್ಷ ದಾಟಿದ ಮೇಲೆ ಬುದ್ಧಿ ಮಸುಕಾದರೆ ಪಾರ್ಕಿನ್ಸನ್ ಡಿಮೆನ್ಷಿಯಾ. ಅದಕ್ಕೂ ಮೊದಲೇ, ಅಥವಾ ಆ ವರ್ಷದೊಳಗೇ ಮಸುಕಾದರೆ ಲೆವಿ ಬಾಡಿ ಡಿಮೆನ್ಷಿಯಾ. ಭ್ರಮೆ ತಡೆಯಲು ಕೊಡುವ ಕೆಲವು ಔಷಧಗಳು ಈ ಎರಡೂ ಬಗೆಯವರನ್ನು ಕಟ್ಟಿಗೆಯಂತೆ ಮಾಡಿಬಿಡಬಲ್ಲವು. ಹಾಗಾಗಿ ವೈದ್ಯರ ಮುಂದೆ ಹಿಂದಿನದ್ದೆಲ್ಲ ಸರಿಯಾಗಿ ಹೇಳುವವರು ಬೇಕು.

"ತಾರೀಖು ಯಾರಿಗಿ ನೆಪ್ಪಿರ್ತದ್ರಿ? ಎಳ್ಳಮಾಸಿಗಿ ಹೊಲಕ್ಕ ಹೋದಾಗ ಭಜ್ಜಿ ತಾವೇ ಉಂಡ್ರೇನು, ಕೈ ನಡಗ್ತಿತ್ತೇನು ಅಂತ ಕೇಳ್ತೀನಿ. ಆಗ ಎಲ್ಲಾ ನೆಪ್ಪಾಗ್ತದ." ಎಳ್ಳಮಾವಾಸ್ಯೆಯ ದಿನ ಇಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಕಾಳು, ಸೊಪ್ಪಿನ ಭಜ್ಜಿ ಉಣ್ಣುತ್ತಾರೆ. ಪ್ರತಿ ಮನೆಯಲ್ಲೂ ಮನೆಯವರಿಗೆ ರಮಾಬಾಯಿಯ ಮೊದಲ ಪ್ರಶ್ನೆ ಇದೇ.

ಆರು ಗಂಟೆ ನಲವತ್ತು ನಿಮಿಷ. ಬೆಳಗಿನ ಗುಳಿಗೆ ಕೆಲಸ ಶುರುಮಾಡಿದೆ. "ಏಳ್ರಿ ಸಾಹೇಬ್ರ, ಕಟ್ಟಿಗಿ ಬಿಸಿಲು ಬಂದಾದ." ಅಮೃತಪ್ಪ ಏಳುತ್ತಾರೆ. ಒಂದು, ಎರಡು, ಆರು ಗೆರೆ ದಾಟುತ್ತಾರೆ. ಏಳನೆಯದರ ಮುಂದೆ ನಿಲ್ಲುತ್ತಾರೆ. ಬಗ್ಗಿ ನೋಡುತ್ತಾರೆ. ಹಾವೆಂದರೆ ಅಳಿಸಲೆಂದು ಮಗಳು ಭಾಗ್ಯಶ್ರೀ ಒದ್ದೆ ಬಟ್ಟೆ ಹಿಡಿದು ಹತ್ತಿರ ಬರುತ್ತಾರೆ.

"ಏನು ಕಾಣಲಿಕತ್ತದ್ರಿ?" ರಮಾಬಾಯಿ ಮೆಲ್ಲಗೆ ಕೇಳುತ್ತಾರೆ.

"ಇದು ಯಾರು ಎಳ್ದಾರ?"

"ನಾನೇ ರೀ."

"ಸೊಟ್ಟ ಆಗ್ಯಾದ. ನಮ್ಮ ಸರ್ವೇ ಆಫೀಸಿನ್ಯಾಗ ಇದ್ದಿದ್ರ ನಿನಗ ಅವತ್ತೇ ಮನಿಗಿ ಕಳಸ್ತಿದ್ದೆ."

ಅಂದವರೇ ಅದನ್ನು ದಾಟುತ್ತಾರೆ. ಉಳಿದ ನಾಲ್ಕನ್ನೂ ದಾಟಿ ಕಟ್ಟೆ ಸೇರುತ್ತಾರೆ. ಭಾಗ್ಯಶ್ರೀ ಕೈಯ ಬಟ್ಟೆ ಒಣಹಾಕುತ್ತಾರೆ.

"ಇವತ್ತಿಗಿ ಗೆರಿ ಗೆರಿನೇ ಅದ," ಎನ್ನುತ್ತಾರೆ ರಮಾಬಾಯಿ, ಸುಣ್ಣದ ಕೈ ಸೆರಗಿಗೆ ಒರೆಸಿಕೊಂಡು. "ನಾಳಿಗೂ ಹಿಂಗೇ ಬೈದ್ರ ಸಾಕು ನನಗ."

ಭಾಗ್ಯಶ್ರೀ ಅಪ್ಪನ ಹಳೆಯ ಅಳತೆ ಟೇಪು ತಂದು ನೆಲಕ್ಕೆ ಹಿಡಿಯುತ್ತಾರೆ. ಏಳನೆಯ ಗೆರೆ ಬಲತುದಿಯಲ್ಲಿ ಎರಡು ಇಂಚು ಸರಿದಿದೆ.