ಬೆಂಚಿನ ಮೇಲೆ ಮಣೆ

ಏಳನೇ ತಿಂಗಳಿಗೆ ಬರುವಷ್ಟರಲ್ಲಿ ನನಗೆ ಒಂಟಿ ಕಾಲಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಗರ್ಭಿಣಿ ಒಂಟಿ ಕಾಲಲ್ಲಿ ನಿಂತು ಏನು ತಪಸ್ಸು ಮಾಡಲಿಕ್ಕುಂಟು ಎಂದು ನೀವು ನಗಬಹುದು. ಆದರೆ ಒಳಲಂಗ ಹಾಕಿಕೊಳ್ಳುವಾಗ, ಹೊಸ್ತಿಲು ದಾಟುವಾಗ, ಬಸ್ಸು ಹತ್ತುವಾಗ ಎಲ್ಲರೂ ಒಂದು ಕ್ಷಣ ಒಂಟಿ ಕಾಲಿನವರೇ. ಆ ಕ್ಷಣದಲ್ಲಿ ಹೊಟ್ಟೆಯ ಬುಡದ ಮೂಳೆ ಎರಡಾಗಿ ಬಿರಿದಂತೆ ನೋಯುತ್ತಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಗುವಿಗೆ ಏನೂ ತೊಂದರೆಯಿಲ್ಲ, ಕೀಲು ಸಡಿಲವಾಗಿದೆ, ಹೆರಿಗೆಯಾದ ಮೇಲೆ ಸರಿಹೋಗುತ್ತದೆ ಎಂದರು. ಹೆರಿಗೆಯ ತನಕ ಏನು ಮಾಡುವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಗಂಡನಿಗೆ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಕಾವೂರಿನಲ್ಲಿ ಅವರ ತಂದೆತಾಯಿಯ ಜೊತೆ ನಮ್ಮ ವಾಸ. ನಾನೇ ಕೆಲವು ಉಪಾಯಗಳನ್ನು ಕಂಡುಕೊಂಡೆ. ಬಟ್ಟೆಯನ್ನು ಮಂಚದ ಮೇಲೆ ಕೂತೇ ಹಾಕಿಕೊಳ್ಳುವುದು, ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇಡುವುದು, ಹಳೆಯ ವಾಯಿಲ್ ಸೀರೆಯನ್ನು ಸೊಂಟದ ಕೆಳಗೆ ಬಿಗಿಯಾಗಿ ಸುತ್ತಿಕೊಳ್ಳುವುದು. ನಡಿಗೆ ಮಾತ್ರ ಬಾತುಕೋಳಿಯದೇ.

ನೋವಿಗಿಂತ ನನ್ನನ್ನು ಕಾಡಿದ್ದು ಮಾಮಿಯ ಮಾತು. ಗಂಡನ ತಾಯಿಯನ್ನು ನಾವು ಮಾಮಿ ಎಂದೇ ಕರೆಯುವುದು. ಒಂದು ದಿನ ಬಾವಿಕಟ್ಟೆಯ ಬಳಿ ಪಕ್ಕದ ಮನೆಯವರಿಗೆ ಅವರು ಹೇಳುವುದು ಕೇಳಿಸಿತು: "ಈಗಿನವರಿಗೆ ಕೂತರೂ ನೋವು, ಎದ್ದರೂ ನೋವು. ನಮಗೆ ಇದೆಲ್ಲ ಹೇಳ್ಲಿಕ್ಕೆ ಪುರುಸೊತ್ತು ಎಲ್ಲಿತ್ತು?" ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅವರೆದುರು ನರಳುವುದನ್ನೇ ನಿಲ್ಲಿಸಿದೆ.

ಅಷ್ಟರಲ್ಲಿ ಬಯಕೆಯ ದಿನ ಬಂತು. ಸೀಮಂತಕ್ಕೆ ನಮ್ಮ ಕಡೆ ಬಯಕೆ ಎನ್ನುತ್ತಾರೆ. ಗರ್ಭಿಣಿಯನ್ನು ದೀಪದೆದುರು ನೆಲದ ಮೇಲೆ ಮಣೆ ಹಾಕಿ ಕೂರಿಸಿ, ಮಡಿಲು ತುಂಬಿ, ಬಾಳೆಎಲೆಯಲ್ಲಿ ಬಡಿಸುತ್ತಾರೆ. ಊಟ ಮುಗಿದ ಮೇಲೆ ಅವಳು ತವರಿಗೆ ಹೊರಡುತ್ತಾಳೆ. ನೆಲದಲ್ಲಿ ಹೇಗೋ ಕೂತೇನು, ಏಳುವುದು ಹೇಗೆ? ಎರಡೂ ಕಡೆಯ ನೆಂಟರ ಎದುರು ಕೈಕಾಲು ಊರಿ ಮಗುವಿನಂತೆ ಎದ್ದರೆ ಜನ್ಮವಿಡೀ ಅದೇ ಕತೆಯಾಗುತ್ತದೆ. ಹಿಂದಿನ ದಿನ ಮರ್ಯಾದೆ ಬಿಟ್ಟು ಹೇಳಿಯೇಬಿಟ್ಟೆ: "ಮಾಮಿ, ನನಗೆ ನೆಲದಲ್ಲಿ ಕೂರ್ಲಿಕ್ಕೆ ಆಗುದಿಲ್ಲ."

"ನೋಡುವ," ಎಂದು ಅವರು ತೆಂಗಿನಕಾಯಿ ತುರಿಯುವುದನ್ನು ಮುಂದುವರಿಸಿದರು.

ಮರುದಿನ ಹಸಿರು ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಹೊರಬಂದರೆ ಮಣೆ ನೆಲದಲ್ಲೇ ಇತ್ತು. ನಾನು ಗೋಡೆ ಹಿಡಿದು ನಿಂತುಬಿಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾಮಿ ಒಳಗಿನಿಂದ ಬಂದು ನನ್ನ ಮುಖವನ್ನೊಮ್ಮೆ, ಗೋಡೆಗೆ ಊರಿದ ಕೈಯನ್ನೊಮ್ಮೆ ನೋಡಿದರು. ಆಮೇಲೆ ಜಗಲಿಯ ಬೆಂಚನ್ನು ಎಳೆದು ತಂದು ದೀಪದೆದುರು ಇಟ್ಟರು. ನೆಲದ ಮಣೆಯನ್ನು ಎತ್ತಿ ಬೆಂಚಿನ ಮೇಲಿಟ್ಟು, "ಕೂತುಕೋ ಮಗಾ" ಎಂದರು.

ಮಾವನ ಅಕ್ಕ ಸುಮ್ಮನಿರುವವರಲ್ಲ. "ಇದು ಎಂತ ಕ್ರಮ ಮಾರಾಯ್ತಿ? ಬಯಕೆಗೆ ಬೆಂಚಿನಲ್ಲಿ ಕೂರಿಸುದು ಎಲ್ಲಿಯಾದ್ರೂ ಉಂಟಾ?"

"ನಮ್ಮ ಕುಟುಂಬದಲ್ಲಿ ಉಂಟು. ಮಣೆಯಲ್ಲೇ ಕೂತಿದ್ದಾಳಲ್ಲ!" ಎಂದರು ಮಾಮಿ.

ನಮ್ಮಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದು. ಮಾಮಿಯ ಕುಟುಂಬವೇ ಬೇರೆ, ಅವರ ಗಂಡನ ಅಕ್ಕನ ಕುಟುಂಬವೇ ಬೇರೆ. ಇನ್ನೊಂದು ಕುಟುಂಬದ ಕ್ರಮ ತಪ್ಪೆನ್ನಲು ಯಾರಿಗೂ ಬಾಯಿಯಿಲ್ಲ. ಅದೇ ಕುಟುಂಬದವರಾದ ಮಾಮಿಯ ಸ್ವಂತ ತಂಗಿ ಮಾತ್ರ ಏನೋ ಹೇಳಲು ಬಾಯಿ ತೆರೆದರು. ಮಾಮಿ ಕಣ್ಣು ಬಿಟ್ಟದ್ದು ಕಂಡದ್ದೇ ಪಾಯಸ ತರಲು ಒಳಗೆ ಹೋದರು. ಅಂಥ ಕ್ರಮ ಆ ದಿನವೇ ಹುಟ್ಟಿದ್ದೆಂದು ನನಗೆ ಗೊತ್ತಾಯಿತು. ನಾನು ಹೊಟ್ಟೆ ತುಂಬ ಉಂಡೆ.

ಬಿಕರ್ನಕಟ್ಟೆಯ ತವರುಮನೆಗೆ ಕರೆದೊಯ್ಯಲು ಅಮ್ಮ ಟ್ಯಾಕ್ಸಿ ತಂದಿದ್ದಳು. ಹತ್ತಲೆಂದು ನಾನು ಒಂದು ಕಾಲೆತ್ತಿದಾಗ ಮಾಮಿ ಹಿಂದಿನಿಂದ ಭುಜ ಹಿಡಿದರು.

"ಹಾಗಲ್ಲ. ಮೊದಲು ಬೆನ್ನು ಹಾಕಿ ಕೂತುಕೋ. ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆ. ಬೇರೆ ಮಾಡಬೇಡ."

ಹಾಗೇ ಮಾಡಿದೆ, ನೋಯಲಿಲ್ಲ. ಇಷ್ಟು ದಿನ ನಾನು ಹುಡುಕುತ್ತಿದ್ದ ಉಪಾಯ ಅವರ ಬಳಿ ಇತ್ತು.

"ನಿಮಗೂ ಈ ನೋವು ಇತ್ತಾ ಮಾಮಿ?"

"ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ. ಬಯಕೆಯ ದಿನ ಮಣೆಯಿಂದ ನನ್ನನ್ನು ಇಬ್ಬರು ಹಿಡಿದು ಎಬ್ಬಿಸಿದ್ದು. ಎಲ್ಲರೂ ನಗಾಡಿದ್ರು. ನಾನೂ ನಗಾಡಿದೆ, ಮತ್ತೆ ಎಂತ ಮಾಡುದು?"

ಸೆರಗು ಸಿಕ್ಕಿಕೊಳ್ಳದಂತೆ ಒಳಗೆ ಸೇರಿಸಿ ಅವರು ಬಾಗಿಲು ಹಾಕಿದರು. ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ನೋವಿಗೆ ಅಳುತ್ತಿದ್ದೇನೆಂದು ತಿಳಿದು ಅಮ್ಮ, ಮೆಲ್ಲ ಹೋಗು ಮಾರಾಯ ಎಂದು ಟ್ಯಾಕ್ಸಿಯವನಿಗೆ ಹೇಳುತ್ತಲೇ ಇದ್ದಳು.