ಹಡಗಿನಿಂದ ಬಂದ ಆಟದ ಪೆಟ್ಟಿಗೆ

ಹೋದ ತಿಂಗಳು ಒಂದು ಕರಾರು ಪತ್ರದ ಕೆಲಸಕ್ಕೆಂದು ಗೌರಿಬಿದನೂರಿನ ಕೋರ್ಟಿನ ಹತ್ತಿರ ಹೋಗಿದ್ದೆ. ಕಾಂಪೌಂಡಿನ ಪಕ್ಕ ಹೊಂಗೆ ಮರದ ಕೆಳಗೆ ವಯಸ್ಸಾದವರೊಬ್ಬರು ಇನ್ನೂ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದರು. ಅದರ ಮುಚ್ಚಳ ತೆಗೆದು ಹೊಸ ರಿಬ್ಬನ್ ಹಾಕುತ್ತಿದ್ದರು. ಶಾಯಿ, ಮಿಷನ್ ಎಣ್ಣೆ, ಬಿಸಿಲಿಗೆ ಕಾದ ಕಬ್ಬಿಣ ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಚಿಂತಾಮಣಿಯ ಆ ಮನೆಯ ಮುಂದಿನ ಕೋಣೆ ಕಣ್ಣಿಗೆ ಕಟ್ಟಿತು. ಅದರ ಬಾಗಿಲಲ್ಲಿ, ಗಂಜಿ ಹಾಕಿದ ಹತ್ತಿ ಸೀರೆಯಲ್ಲಿ, ನಮ್ಮ ಟೈಪಿಂಗ್ ಮೇಡಂ...

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದ ಕಾಲ ಅದು. ನನಗೆ ಆಗತಾನೇ ಮದುವೆಯಾಗಿತ್ತು. ನಮ್ಮ ಯಜಮಾನರಿಗೆ ಪಶು ಆಸ್ಪತ್ರೆಯಲ್ಲಿ ಕೆಲಸ. ಚಿಂತಾಮಣಿಗೆ ವರ್ಗವಾದಾಗ ನಮಗೆ ಸಿಕ್ಕಿದ್ದು ಮೇಡಂ ಮನೆಯ ಮಹಡಿ. ಕೆಳಗೆ ಮೇಡಂ ಮತ್ತು ಅವರ ಅಕ್ಕ, ಇಬ್ಬರೇ. ಅಕ್ಕ ಗಂಡನನ್ನು ಕಳೆದುಕೊಂಡು ತಂಗಿಯ ಜೊತೆ ಬಂದು ಇದ್ದವರು. ಮೇಡಂ ಮದುವೆಯೇ ಆಗಿರಲಿಲ್ಲ. ಮನೆಯಲ್ಲಿ ಅವರಿಬ್ಬರೂ ತೆಲುಗು ಮಾತಾಡುತ್ತಿದ್ದರು, ನನ್ನ ಜೊತೆ ಕನ್ನಡ, ಪಾಠಕ್ಕೆ ಕೂತರೆ ಮೇಡಂಗೆ ಇಂಗ್ಲಿಷ್.

ಮುಂದಿನ ಕೋಣೆಯೇ ಟೈಪಿಂಗ್ ಇನ್‌ಸ್ಟಿಟ್ಯೂಟ್. ಒಂದು ಕಾಲದಲ್ಲಿ ಬೆಳಗಿನಿಂದ ಸಂಜೆವರೆಗೆ ಬ್ಯಾಚಿನ ಮೇಲೆ ಬ್ಯಾಚ್ ನಡೆಯುತ್ತಿತ್ತಂತೆ. ನಾವು ಹೋಗುವ ಹೊತ್ತಿಗೆ ಬಸ್ ಸ್ಟ್ಯಾಂಡ್ ರಸ್ತೆಯ ತುಂಬ ಕಂಪ್ಯೂಟರ್ ಸೆಂಟರ್‌ಗಳು ಬಂದು, ಇಲ್ಲಿ ಸಂಜೆಯ ಒಂದೇ ಬ್ಯಾಚ್ ಉಳಿದಿತ್ತು. ಆದರೂ ಮೇಡಂ ಶಿಸ್ತನ್ನು ಒಂದಿಷ್ಟೂ ಸಡಿಲಿಸಿರಲಿಲ್ಲ. ಕೈಯಲ್ಲಿ ಮರದ ಸ್ಕೇಲ್ ಹಿಡಿದು ಮೇಜಿನ ಅಂಚಿಗೆ ತಾಳ ಹಾಕುತ್ತಾ ಓಡಾಡುತ್ತಿದ್ದರು. ಕಣ್ಣು ಮುಚ್ಚಿಕೊಂಡಿದ್ದರೂ ಯಾವ ಹುಡುಗಿಯ ಯಾವ ಬೆರಳು ತಪ್ಪಿತು ಎಂದು ಸದ್ದಿನಲ್ಲೇ ಹಿಡಿಯುತ್ತಿದ್ದರು. ಅವರೇ ಒಮ್ಮೊಮ್ಮೆ ಕೂತು ಟೈಪ್ ಮಾಡಿ ತೋರಿಸಿದರೆ ನಾನು ಮೇಲಿಂದ ಒಲೆ ಸಣ್ಣ ಮಾಡಿ ಕೇಳುತ್ತಿದ್ದೆ. ಒಂದೇ ಸಮ ಮಳೆ ಹಿಡಿದ ಹಾಗೆ...

ಒಂದು ಬೆಳಗ್ಗೆ ಅಕ್ಕ ಕೂಗಿದ್ದು ಕೇಳಿ ಇಳಿದುಬಂದೆವು. ಮೇಡಂ ಅಡುಗೆಮನೆ ಹೊಸ್ತಿಲ ಬಳಿ ಬಿದ್ದಿದ್ದರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಲಕ್ವ ಹೊಡೆದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತೂ ದಿನ ಕಳೆದಂತೆ ಸರಿಹೋಯಿತು, ಕಾಲೆಳೆದುಕೊಂಡು ನಡೆಯುವಂತೆಯೂ ಆದರು. ಬಲಗೈ ಮಾತ್ರ ಮಡಿಲಲ್ಲಿ ಬೇರೆಯವರ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಬೆರಳುಗಳನ್ನು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಉಳಿದಿರುವ ಶಕ್ತಿಯೂ ಹೋಗುತ್ತದೆ ಎಂದು ವ್ಯಾಯಾಮ ಹೇಳಿಕೊಡುವವರು ಎಚ್ಚರಿಸಿ, ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದ್ದರು. ಮೇಡಂ ಅದನ್ನು ಕಿಟಕಿಯ ಮೇಲಿಟ್ಟರು. ಅದು ಅಲ್ಲೇ ಇತ್ತು.

ಮಿಷನ್‌ಗಳನ್ನೆಲ್ಲ ಮಾರಿಬಿಡೋಣ ಎಂದು ಅಕ್ಕ ಮೆಲ್ಲಗೆ ಮಾತೆತ್ತಿದರು. ಈ ವರ್ಷ ಪರೀಕ್ಷೆಗೆ ಕಟ್ಟಿರುವ ಹುಡುಗಿಯರು ಬರೆಯುವವರೆಗೆ ಒಂದು ಮಿಷನ್ನೂ ಹೊಸ್ತಿಲು ದಾಟಬಾರದು ಎಂದರು ಮೇಡಂ. ಕುರ್ಚಿಯ ಮೇಲೆ ಕೂತು ಬಾಯಲ್ಲೇ ಪಾಠ ಮಾಡತೊಡಗಿದರು. ಆದರೆ ಮಿಷನ್ ಹತ್ತಿರ ಹೋಗುತ್ತಿರಲಿಲ್ಲ. ಅಷ್ಟೊಂದು ಕೀಲಿಗಳು ಎದುರಿಗೇ ಇರುವಾಗ ದಿನಕ್ಕೆ ಸ್ವಲ್ಪ ಹೊತ್ತು ಅವುಗಳ ಮೇಲೇ ಬೆರಳು ಆಡಿಸಬಾರದೇ ಎಂದು ನಾನು ಕೇಳಿದ್ದಕ್ಕೆ ಅವರು, ಹಾಲಿಗೆ ಹೆಪ್ಪು ಹಾಕಿದೆಯಾ ಎಂದು ಬೇರೆ ಮಾತು ತೆಗೆದರು.

ಆ ಸಮಯಕ್ಕೆ ಬಂದವನು ಅವರ ತಮ್ಮನ ಮಗ. ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಅತ್ತೆಯನ್ನು ನೋಡಲು ಬಂದವನು ಚೀಲದಿಂದ ಬೂದು ಬಣ್ಣದ ಒಂದು ಪೆಟ್ಟಿಗೆ ತೆಗೆದ. ಜಪಾನಿನ ಯಾವುದೋ ಬಂದರಿನಲ್ಲಿ ಕೊಂಡ ಹಳೆಯ ವೀಡಿಯೊ ಗೇಮ್, ಜೊತೆಗೆ ಒಂದಷ್ಟು ಡಿಸ್ಕ್. ಹಡಗಿನಲ್ಲಿ ಬೇಸರ ಕಳೆಯಲು ತಾನು ಆಡುತ್ತಿದ್ದದ್ದು, ಅತ್ತೆಯ ಬೆರಳಿಗೆ ಕೆಲಸವಾದೀತು ಎಂದ. ಮೇಡಂ ಮುಖ ಗಂಟಿಕ್ಕಿದರು. ನನ್ನ ವಯಸ್ಸಿಗೆ ಇದೊಂದು ಬಾಕಿ ಇತ್ತು ಎಂದರು. ಅವನು ಹೊರಟುಹೋದ ಮೇಲೆ, ತಂದವನ ಮನಸ್ಸಿಗೆ ಬೇಸರವಾಗಬಾರದು ಎಂಬಂತೆ, ಒಂದ್ಸಲ ಹಾಕಿ ನೋಡು ಎಂದು ನನಗೇ ಹೇಳಿದರು.

ಹಾಕುವುದೇನೂ ಸುಲಭವಾಗಿರಲಿಲ್ಲ. ಅದು ಜಪಾನಿನ ಕಡಿಮೆ ಕರೆಂಟಿಗೆ ಮಾಡಿದ ಪೆಟ್ಟಿಗೆ. ನಮ್ಮ ಗೋಡೆಯ ಕರೆಂಟನ್ನು ಇಳಿಸಿ ಕೊಡುವ ಭಾರದ ಟ್ರಾನ್ಸ್‌ಫಾರ್ಮರ್ ಒಂದನ್ನು ಹುಡುಗ ಕೊಟ್ಟುಹೋಗಿದ್ದ. ಅದರ ಮೂಲಕ ಹಾಕಿದೆವು. ಟಿವಿಯಲ್ಲಿ ಚಿತ್ರವೇನೋ ಬಂತು, ಆದರೆ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಬಣ್ಣವೂ ಇಲ್ಲ, ಬರೀ ಕಪ್ಪು ಬಿಳುಪು. ಅವರ ದೇಶದ ಟಿವಿಯ ಪದ್ಧತಿ ಬೇರೆ, ನಮ್ಮದು ಬೇರೆ ಎಂದು ರಿಪೇರಿ ಅಂಗಡಿಯಲ್ಲಿ ಕೇಳಿಕೊಂಡು ಬಂದ ನಮ್ಮ ಯಜಮಾನರು, ಟಿವಿಯ ಹಿಂದಿದ್ದ ಸಣ್ಣ ತಿರುಪನ್ನು ತಿರುಗಿಸಿ ಉರುಳುವುದನ್ನು ನಿಲ್ಲಿಸಿದರು. ಬಣ್ಣ ಬರಲಿಲ್ಲ. ಮಹಡಿಯ ನಮ್ಮ ಟಿವಿ ಹೊಸದು, ಅದರಲ್ಲಿ ಬಂದರೂ ಬರಬಹುದು, ಇಳಿಸಿಕೊಂಡು ಬರುತ್ತೇನೆ ಎಂದರು. ಮೇಡಂ ಬೇಡವೆಂದರು.

"ನನಗೆ ಬಣ್ಣ ಬೇಡಪ್ಪ. ಅಲುಗಾಡದೆ ನಿಂತ್ರೆ ಸಾಕು."

ಆಮೇಲೆ ಡಿಸ್ಕ್‌ಗಳ ಕಥೆ. ಒಂದರಲ್ಲಿ ಕಾರು, ಒಂದರಲ್ಲಿ ಹೊಡೆದಾಟ. ಎರಡು ಕೈಯೂ ಚುರುಕಾಗಿ ಓಡಬೇಕಾದ ಆಟಗಳು. ಇನ್ನೊಂದು ಓಡಲೇ ಇಲ್ಲ, ಕಪ್ಪು ಪರದೆಯಲ್ಲಿ ನಿಂತುಬಿಟ್ಟಿತು. ಇಲ್ಲಿಯದೇ ಆಟ ಸಿಕ್ಕೀತೆಂದು ಪೇಟೆಯಿಂದ ತಂದ ಡಿಸ್ಕ್‌ಗಳನ್ನಂತೂ ಪೆಟ್ಟಿಗೆ ಒಳಗೆ ಸೇರಿಸಿಕೊಳ್ಳಲೇ ಇಲ್ಲ. ನಾನು ಬೇಸತ್ತು ಸಿಕ್ಕ ಸಿಕ್ಕ ಗುಂಡಿ ಒತ್ತುತ್ತಿದ್ದೆ. ಮೇಡಂ ಕುರ್ಚಿಯಿಂದಲೇ ತಡೆದರು.

"ಒಂದ್ಸಲಕ್ಕೆ ಒಂದೇ ಬದಲಾಯಿಸಮ್ಮ. ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಹೆಂಗೆ ಗೊತ್ತಾಗುತ್ತೆ?"

ಹಾಗೆ ಒಂದೊಂದೇ ನೋಡುತ್ತಾ ಹೋದಾಗ ಸಿಕ್ಕಿತು ಆ ಡಿಸ್ಕ್. ಪರದೆಯ ಮೇಲೆ ಒಂದು ಗೆರೆ. ಗೆರೆಯ ಉದ್ದಕ್ಕೂ ತ್ರಿಕೋನ, ಸೊನ್ನೆ, ಚೌಕ, ಗುಣಾಕಾರದ ಗುರುತು ಒಂದರ ಹಿಂದೆ ಒಂದು ನಡೆದು ಬರುತ್ತವೆ. ಹಿಂದೆ ಸಂಗೀತ. ಗುರುತು ಮಧ್ಯಕ್ಕೆ ಬಂದಾಗ ತಾಳಕ್ಕೆ ಸರಿಯಾಗಿ ಅದೇ ಗುರುತಿನ ಗುಂಡಿ ಒತ್ತಬೇಕು. ಅಷ್ಟೇ. ಅಕ್ಷರ ಓದುವ ಅಗತ್ಯವೂ ಇಲ್ಲ, ಬಣ್ಣದ ಅಗತ್ಯವೂ ಇಲ್ಲ. ಮೇಡಂ ನೋಡುತ್ತಿದ್ದರು. ಎಡಗೈ ಕುರ್ಚಿಯ ಹಿಡಿಯ ಮೇಲೆ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು.

ಗುಂಡಿಗಳಿರುವ ಆ ಆಟದ ಹಿಡಿಕೆಯನ್ನು ಎಲ್ಲರೂ ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಾರೆ. ಮೇಡಂ ಹಾಗೆ ಮಾಡಲಿಲ್ಲ. ಮಡಿಸಿದ ಟವೆಲಿನ ಮೇಲೆ ಅದನ್ನು ಮೇಜಿಗೆ ಇಟ್ಟು, ಎಡಗೈಯಿಂದ ಬಲಗೈ ಎತ್ತಿ ತಂದು, ಬೆರಳುಗಳನ್ನು ಒಂದೊಂದಾಗಿ ಗುಂಡಿಗಳ ಮೇಲೆ ಜೋಡಿಸಿದರು. ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ಗುರುತುಗಳು ಬಂದು ಬಂದು ಹಾಗೇ ಹೋಗುತ್ತಿದ್ದವು. ಆಟ ಮುಗಿಯಿತೆಂದು ಪರದೆಯಲ್ಲಿ ಒಂದು ಗೊಂಬೆ ತಲೆ ತಗ್ಗಿಸುತ್ತಿತ್ತು. ಮೇಡಂ ಮತ್ತೆ ಹಾಕು ಎನ್ನುತ್ತಿದ್ದರು. ಆಡಿದಷ್ಟನ್ನು ಉಳಿಸಿಕೊಳ್ಳುವ ಮೆಮೊರಿ ಕಾರ್ಡ್ ಒಂದನ್ನು ನಮ್ಮ ಯಜಮಾನರು ಹುಡುಕಿ ತಂದರೆ ಪೆಟ್ಟಿಗೆ ಅದನ್ನೂ ಗುರುತಿಸಲಿಲ್ಲ. ದಿನವೂ ಮೊದಲಿಂದ ಶುರು ಮಾಡಬೇಕಲ್ಲ ಎಂದು ನಾನು ಪೇಚಾಡಿಕೊಂಡೆ. ಟೈಪಿಂಗ್ ಕಲಿಯುವವರೂ ದಿನಾ ಮೊದಲ ಸಾಲಿನಿಂದಲೇ ಶುರು ಮಾಡುತ್ತಾರೆ, ಅದರಲ್ಲಿ ನಷ್ಟವೇನಿಲ್ಲ ಎಂದು ಮೇಡಂ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ತೋರುಬೆರಳು ಬಗ್ಗಿತು. ನಾನೇ ನೋಡಿದೆ. ಸೊನ್ನೆ ಬಂತು, ಬೆರಳು ಇಳಿಯಿತು, ಪರದೆಯ ಗೊಂಬೆ ಒಮ್ಮೆ ಕುಣಿಯಿತು. ಮೇಡಂ ನನ್ನ ಕಡೆ ತಿರುಗಲಿಲ್ಲ. ಮುಂದಿನ ಗುರುತು ಬರುತ್ತಿತ್ತಲ್ಲ... ಆಮೇಲೆ ನಡುಬೆರಳು. ಉಳಿದೆರಡು ಬೆರಳುಗಳು ಕೊನೆಗೂ ಪೂರ್ತಿ ಬರಲಿಲ್ಲ. ಆದರೂ ಮಧ್ಯಾಹ್ನ ಊಟವಾದ ಮೇಲೆ ಕೆಳಗಿನಿಂದ ಆ ಸಂಗೀತ ಕೇಳಿಸಿದರೆ ನನ್ನ ಮನಸ್ಸಿಗೆ ಏನೋ ನೆಮ್ಮದಿ.

ಅದು ನಿಂತದ್ದು ಹೀಗೆ. ಎಲ್ಲ ಬಗೆಯ ಪಿನ್ನೂ ಹಿಡಿಯುವ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ಆ ಮೂಲೆಯಲ್ಲಿತ್ತು. ಅಕ್ಕ ನೆಲ ಒರೆಸಲೆಂದು ವೈರುಗಳನ್ನೆಲ್ಲ ಬಿಚ್ಚಿ, ಮತ್ತೆ ಹಾಕುವಾಗ ಆ ಭಾರದ ಟ್ರಾನ್ಸ್‌ಫಾರ್ಮರನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯ ವೈರನ್ನು ಆ ಬಾಕ್ಸಿನಲ್ಲಿ ನೇರ ಗೋಡೆಯ ಕರೆಂಟಿಗೇ ಸೇರಿಸಿದರು. ಸ್ವಿಚ್ ಹಾಕಿದ ಕೂಡಲೇ ಪಟ್ ಎಂದಿತು. ಒಂದು ಎಳೆ ಹೊಗೆ. ಅಷ್ಟೇ. ಅಕ್ಕ ಗೋಡೆಗೆ ಒರಗಿ ಕೂತು ಅಳತೊಡಗಿದರು. ಮೇಡಂ ಕಾಲೆಳೆದುಕೊಂಡು ಬಂದು ಅಕ್ಕನ ಪಕ್ಕ ನಿಂತರು.

"ಪೋನೀಲೇ ಅಕ್ಕಾ" ಎಂದರು. ಹೋಗಲಿ ಬಿಡು ಎಂದು. ಪರದೇಶದ ವಸ್ತು, ನಮ್ಮ ಕರೆಂಟನ್ನು ಅದು ತಡೆದುಕೊಳ್ಳಲಿಲ್ಲ, ಅದಕ್ಕೆ ನೀನೇನು ಮಾಡುತ್ತೀಯ ಎಂದು ಸಮಾಧಾನ ಮಾಡಿದರು. ಆ ಸಂಜೆ ಮಾತ್ರ ಮೇಡಂ ಊಟಕ್ಕೆ ಎದ್ದು ಬರಲಿಲ್ಲವೆಂದು ಅಕ್ಕನೇ ನನಗೆ ಹೇಳಿದರು.

ಪೆಟ್ಟಿಗೆ ಸುಟ್ಟರೂ ಡಿಸ್ಕ್ ಉಳಿದಿತ್ತು. ನಮ್ಮ ಯಜಮಾನರ ಸ್ನೇಹಿತರೊಬ್ಬರ ಮನೆಯಲ್ಲಿ ಅದಕ್ಕಿಂತ ಹೊಸದಾದ ವೀಡಿಯೊ ಗೇಮ್ ಇತ್ತು. ಹಳೆಯ ಡಿಸ್ಕೂ ಇದರಲ್ಲಿ ಓಡುತ್ತದೆ ಎಂದು ಅವರು ಧೈರ್ಯ ಹೇಳಿ ಕೊಟ್ಟರು. ಭಾನುವಾರ ಮಧ್ಯಾಹ್ನ ಮೇಡಂ ಮುಂದೆಯೇ ಜೋಡಿಸಿದೆವು. ಈ ಸಲ ಕರೆಂಟಿನ ತಕರಾರಿಲ್ಲ, ಚಿತ್ರ ಉರುಳಲಿಲ್ಲ, ಬಣ್ಣವೂ ಚೆನ್ನಾಗಿತ್ತು. ಡಿಸ್ಕ್ ಹಾಕಿದರೆ ಮಾತ್ರ, ಇದು ಸರಿಯಾದ ಡಿಸ್ಕ್ ಅಲ್ಲ ಎಂದು ಪರದೆ ಕೆಂಪಾಗುತ್ತಿತ್ತು. ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಹಾಕಿದೆವು. ಪೆಟ್ಟಿಗೆ ಆರಲು ಬಿಟ್ಟು ಹಾಕಿದೆವು. ಒಳಗಿನ ಒಂದೊಂದೇ ಸೆಟ್ಟಿಂಗ್ ಬದಲಾಯಿಸಿ, ಆಗದಿದ್ದರೆ ಹಿಂದಕ್ಕೆ ಇಟ್ಟು, ಇನ್ನೊಂದು ನೋಡಿದೆವು. ಸ್ನೇಹಿತರು ತಂದಿದ್ದ ಇಲ್ಲಿಯ ಹಳೆಯ ಡಿಸ್ಕ್ ಸರಾಗವಾಗಿ ಓಡಿತು. ಹಾಗಾದರೆ ತೊಂದರೆ ಪೆಟ್ಟಿಗೆಯದಲ್ಲ. ಕೊನೆಗೆ ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಒಂದು ದೇಶಕ್ಕೆಂದು ಮಾಡಿದ ಡಿಸ್ಕನ್ನು ಇನ್ನೊಂದು ದೇಶಕ್ಕೆಂದು ಮಾಡಿದ ಪೆಟ್ಟಿಗೆ ಒಪ್ಪದಂತೆ ಮೊದಲೇ ಬೀಗ ಹಾಕಿರುತ್ತಾರಂತೆ. ಬಿಚ್ಚಿ ಒಳಗೊಂದು ಚಿಪ್ ಹಾಕಿದರೆ ಆದೀತು, ಕೆಟ್ಟರೆ ಕೇಳಬಾರದು ಎಂದರು. ಎರವಲು ತಂದ ಪೆಟ್ಟಿಗೆಯನ್ನು ಬಿಚ್ಚಲು ಮೇಡಂ ಒಪ್ಪಲಿಲ್ಲ. ಡಿಸ್ಕನ್ನು ಕೈಗೆ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಅದರ ಡಬ್ಬಿಯಲ್ಲಿಟ್ಟು ಮುಚ್ಚಿದರು.

ಪರೀಕ್ಷೆ ಹತ್ತಿರ ಬಂದಿತ್ತು. ಆ ವಾರದಲ್ಲೇ ಒಂದು ಸಂಜೆ ನಾನು ಕಾಫಿ ತೆಗೆದುಕೊಂಡು ಇಳಿದಿದ್ದೆ. ಅಂಬಾಜಿದುರ್ಗದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಎಡವುತ್ತಿದ್ದಳು. ಕೀಲಿ ನೋಡಬೇಡ ಎಂದು ಮೇಡಂ ಎಷ್ಟು ಹೇಳಿದರೂ ಅವಳ ಕಣ್ಣು ಕೆಳಗೇ ಇಳಿಯುತ್ತಿತ್ತು. ಕೊನೆಗೆ ಅವಳು ಅಳುವ ಹಾಗಾದಳು. ಮೇಡಂ ಕುರ್ಚಿಯಿಂದ ಎದ್ದರು. ಅವಳನ್ನು ಪಕ್ಕಕ್ಕೆ ಸರಿಯಲು ಹೇಳಿ ಆ ಸ್ಟೂಲಿನ ಮೇಲೆ ತಾವು ಕೂತರು.

ಕೋಣೆಯ ಎಲ್ಲ ಮಿಷನ್‌ಗಳೂ ನಿಂತವು. ಮೇಡಂ ಎಡಗೈಯಿಂದ ಬಲಗೈ ಎತ್ತಿ ಕೀಲಿಗಳ ಮೇಲಿಟ್ಟುಕೊಂಡರು. ಕಣ್ಣು ಎದುರಿನ ಗೋಡೆಯ ಮೇಲೆ. ಒಂದು ಅಕ್ಷರ ಬಿತ್ತು. ತಡೆದು ಇನ್ನೊಂದು. ಕಿರುಬೆರಳು ಒತ್ತಬೇಕಾದ ಅಕ್ಷರಕ್ಕೆ ನಡುಬೆರಳು ದೂರದಿಂದ ನಡೆದು ಹೋಗುತ್ತಿತ್ತು. ಆ ಹಳೆಯ ಮಳೆಯಂಥ ಸದ್ದಲ್ಲ, ತೊಟ್ಟಿಕ್ಕುವ ಸದ್ದು. ಸಾಲಿನ ಮಧ್ಯೆ ಒಂದು ಅಕ್ಷರ ತಪ್ಪಿತು. ಬೆರಳು ಅಲ್ಲೇ ನಿಂತಿತು. ಎದ್ದುಬಿಡುತ್ತಾರೆ ಎಂದುಕೊಂಡೆ.

"ತಪ್ಪಾಯ್ತು ನೋಡಿದ್ರಾ" ಎಂದರು ಹುಡುಗಿಯರಿಗೆ. "ತಪ್ಪಾಯ್ತು ಅಂತ ಕೆಳಗೆ ನೋಡ್ಬಾರ್ದು. ಮುಂದಕ್ಕೆ ಹೋಗ್ಬೇಕು."

ಮುಂದಕ್ಕೆ ಹೋದರು. ಸಾಲು ಮುಗಿದು ಗಂಟೆ ಟಿಣ್ ಎಂದಿತು.

ಹುಡುಗಿಯರು ಹೋದ ಮೇಲೆ ಆರಿದ ಕಾಫಿಯನ್ನೇ ಕುಡಿಯುತ್ತಾ, ಮಿಷನ್ ಮೇಲೇ ಬೆರಳು ಆಡಿಸಬಾರದೇ ಎಂದು ನಾನು ಎಂದೋ ಕೇಳಿ ಮರೆತಿದ್ದಕ್ಕೆ ಅವರು ಉತ್ತರ ಕೊಟ್ಟರು.

"ಆ ಆಟದ ಮುಂದೆ ನಾನು ಯಾರೂ ಅಲ್ಲ ಕಣಮ್ಮ. ಎಷ್ಟು ಸಲ ಸೋತ್ರೂ ಅದಕ್ಕೆ ನನ್ನ ಗುರುತಿಲ್ಲ. ಈ ಮಿಷನ್‌ಗೆ ಗೊತ್ತು ನಾನು ಹೆಂಗೆ ಹೊಡೀತಿದ್ದೆ ಅಂತ. ಅದ್ರ ಮುಂದೆ ಕೂರೋಕೆ ಭಯ ಆಗ್ತಿತ್ತು."

ನಾನು ಲೋಟ ತೆಗೆದುಕೊಂಡು ಮೇಲೆ ಹೋದೆ.

ಆ ವರ್ಷ ಪರೀಕ್ಷೆಗೆ ಕೂತವರಲ್ಲಿ ಅಂಬಾಜಿದುರ್ಗದ ಕಡೆಯ ಆ ಹುಡುಗಿ ಒಬ್ಬಳೇ ಫೇಲಾದದ್ದು. ಅವಳು ಮತ್ತೆ ಕಟ್ಟಿದಳು. ಉಳಿದ ಮಿಷನ್‌ಗಳೆಲ್ಲ ಮಾರಿಹೋದರೂ ಅವಳಿಗೋಸ್ಕರ ಒಂದನ್ನು ಮೇಡಂ ಉಳಿಸಿಕೊಂಡರು. ಮುಂದಿನ ಸಲ ಅವಳು ಪಾಸಾಗಿ ಪೇಡ ತಂದು ಕಾಲಿಗೆ ಬಿದ್ದಾಗ ಮೇಡಂ ಬಲಗೈಯನ್ನೇ ಅವಳ ತಲೆಯ ಮೇಲಿಟ್ಟರು. ಇನ್‌ಸ್ಟಿಟ್ಯೂಟಿನ ಬೋರ್ಡ್ ಇಳಿಸಿದ್ದು ಅದಾದ ಮೇಲೆಯೇ.

ನಮಗೆ ಗೌರಿಬಿದನೂರಿಗೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಒಂದು ಸಂಕ್ರಾಂತಿ ಕಳೆದ ಹೊಸತರಲ್ಲಿ ಅಕ್ಕನೇ ಫೋನ್ ಮಾಡಿದರು. ಎರಡನೇ ಸಲ ಹೊಡೆದ ಲಕ್ವ ಆಸ್ಪತ್ರೆ ಮುಟ್ಟುವವರೆಗೂ ಕಾಯಲಿಲ್ಲವಂತೆ. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದರು.

"ಲಕ್ವ ಹೊಡೆದಾಗಿಂದ ಅವಳ ಜಡೆ ನಾನೇ ಹಾಕ್ತಿದ್ದೆ ಕಣಮ್ಮ. ಮೊನ್ನೆ ಅವಳೇ ಹಾಕ್ಕೊಂಡ್ಳು. ಎರಡು ಕೈಯಲ್ಲೂ. ನನ್ನ ಕರೆದು ತೋರಿಸಿದ್ಳು."

ಅಕ್ಕ ಆಮೇಲೆ ಬಹಳ ಕಾಲ ಇರಲಿಲ್ಲ. ಹಡಗಿನ ಹುಡುಗ ಎಲ್ಲಿದ್ದಾನೋ ಗೊತ್ತಿಲ್ಲ. ಮನೆ ಕೈ ಬದಲಾಗಿ, ಅಲ್ಲೀಗ ಮೊಬೈಲ್ ಅಂಗಡಿಗಳಿರುವ ಕಟ್ಟಡ ಎದ್ದಿದೆಯಂತೆ. ಕೈವಾರಕ್ಕೆ ಹೋಗುವಾಗಲೋ ಮದುವೆ ಮುಂಜಿಗೆ ಹೋಗುವಾಗಲೋ ಈಗಲೂ ನಮ್ಮ ಬಸ್ಸು ಚಿಂತಾಮಣಿಯಲ್ಲಿ ನಿಲ್ಲುತ್ತದೆ. ಹೂವಿನವರು, ಸೌತೆಕಾಯಿಯವರು ಕಿಟಕಿಗೆ ಬರುತ್ತಾರೆ. ಜನ ಇಳಿಯುತ್ತಾರೆ, ಹತ್ತುತ್ತಾರೆ. ನಾನು ಕೂತೇ ಇರುತ್ತೇನೆ. ಆ ಊರಿನಲ್ಲಿ ನಾನು ಇಳಿದು ಹೋಗಬೇಕಾದ ಮನೆ ಈಗ ಇಲ್ಲ.