ತವರಿನ ಇಕ್ಕಳ

ಚಿತ್ತಾಪುರದ ಶಿವಕಾಂತಮ್ಮನಿಗೆ ಹೇಸಿಕೆ ಬಾರದ ಊರೇ ಇರಲಿಲ್ಲ. ವಾಡಿಯೆಂದರೆ ಮೂಗು ಮುರಿಯುವಳು: ಅಲ್ಲಿಯವರ ರೊಟ್ಟಿಯಲ್ಲೂ ರೈಲಿನ ಮಸಿಯಂತೆ. ಶಹಾಬಾದೆಂದರೆ ಮುಖ ಸಿಂಡರಿಸುವಳು: ಕಲ್ಲುಗಣಿಯಲ್ಲಿ ನಿಂತ ನೀರನ್ನೇ ಕುಡಿಯುತ್ತಾರಂತೆ, ಎಮ್ಮೆ ಮೈ ತೊಳೆಯುವುದೂ ಅದರಲ್ಲೇ ಅಂತೆ. ಎರಡೂ ಊರನ್ನು ಆಕೆ ಕಣ್ಣಿಂದ ಕಂಡವಳಲ್ಲ. ನಲವತ್ತು ವರ್ಷದ ಬಾಳಿನಲ್ಲಿ ತವರಿನಿಂದ ಗಂಡನ ಮನೆಗೆ ಬಂದ ನಾಲ್ಕು ಹರದಾರಿಯೇ ಆಕೆಯ ದೊಡ್ಡ ಪ್ರಯಾಣ. ಬೆಳಿಗ್ಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವುದು, ಆಮೇಲೆ ಕಟ್ಟೆಗೆ ಕೂತು ಕಾಣದ ಊರುಗಳನ್ನು ಒಂದೊಂದಾಗಿ ಎತ್ತಿ ಛೀ ಅನ್ನುವುದು. ಎರಡನ್ನೂ ಆಕೆ ಒಂದು ದಿನವೂ ತಪ್ಪಿಸಿದವಳಲ್ಲ.

ಎಲ್ಲಕ್ಕಿಂತ ಹೆಚ್ಚಿನ ಹೇಸಿಕೆ ಚಿಂಚೋಳಿಯದು. ಅಲ್ಲಿ ಮನೆಗೊಬ್ಬರು ಭಾನಾಮತಿ ಮಾಟದವರು, ಉಣ್ಣುವ ತಾಟಿನಲ್ಲಿ ಕೂದಲು ಹುಟ್ಟುತ್ತದೆ, ಉಟ್ಟ ಸೀರೆಗೆ ತಾನಾಗಿ ಬೆಂಕಿ ಹತ್ತುತ್ತದೆ ಎಂದು ಎದುರಿಗೆ ನಿಂತು ನೋಡಿದವಳಂತೆ ಹೇಳುತ್ತಿದ್ದಳು. ಅಂಥ ಊರಿಗೇ ಗಂಡ ಸೂಗಪ್ಪ ಒಬ್ಬಳೇ ಮಗಳು ವಿಮಲಾಬಾಯಿಯನ್ನು ಕೊಟ್ಟ. ಹೊಲ ಚೆನ್ನಾಗಿದೆ, ಹುಡುಗ ಒಳ್ಳೆಯವನು ಅಂದ. ಮದುವೆಯ ದಿನ ಶಿವಕಾಂತಮ್ಮ ಬೀಗರ ಜೊತೆ ಒಂದು ಮಾತೂ ಆಡಲಿಲ್ಲ.

ಈಗ ವಿಮಲಾಬಾಯಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಕರೆದು ತರಲು ಗಂಡ ಹೆಂಡತಿ ಹೊರಟರು. ಚಿತ್ತಾಪುರದಲ್ಲಿ ನಿಜಾಮನ ರೈಲು ಹತ್ತುವಾಗ ಶಿವಕಾಂತಮ್ಮನ ಗಂಟಿನಲ್ಲಿ ಜೋಳದ ಹಿಟ್ಟು, ಬೇಳೆ, ಹಂಚು, ಪಾತ್ರೆ, ಜೊತೆಗೆ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಇಕ್ಕಳವೂ ಇತ್ತು. ಕಂಕುಳಲ್ಲಿ ನೀರಿನ ಕೊಡ.

"ಬೀಗರ ಮನಿಗಿ ಹೊಂಟೀವೋ, ಬ್ಯಾರೆ ಮನಿ ಹೂಡಾಕ ಹೊಂಟೀವೋ?" ಅಂದ ಸೂಗಪ್ಪ.

"ಅವರ ಮನಿ ಒಂದು ಹನಿ ನೀರೂ ನನ್ನ ಬಾಯಾಗ ಹೋಗಬಾರದ್ರಿ. ನಂಗ ಹೇಸಿಕಿ ಬರ್ತದ."

ಸೇಡಂನಲ್ಲಿ ಇಳಿದು ಬಂಡಿ ಹತ್ತಿದರು. ದಾರಿಯುದ್ದಕ್ಕೂ ಆಕೆ ಮಾಟದ ಗುರುತು ಹುಡುಕಿದಳು. ಕಂಡದ್ದು ತೊಗರಿ ಹೊಲ, ಕಪ್ಪಿನಿಂದ ಕೆಂಪಿಗೆ ತಿರುಗುವ ಮಣ್ಣು, ಕಳೆ ಕೀಳುತ್ತಿದ್ದ ಹೆಂಗಸರು. ಇದರಲ್ಲೂ ಏನೋ ಮೋಸವಿದೆ ಅಂದುಕೊಂಡಳು. ಕಾಣಲಿಲ್ಲವೆಂದರೆ ಇಲ್ಲ ಎಂದು ಒಪ್ಪುವ ಹೆಂಗಸಲ್ಲ ಆಕೆ.

"ಬರ್ರಿ ಬೀಗ್ರೆ, ಕುಂದ್ರಿ," ಎಂದು ವಿಮಲಾಬಾಯಿಯ ಮಾವ ಅಮೃತಪ್ಪ ಕಾಲಿಗೆ ನೀರು ಕೊಟ್ಟು, ಸೂಗಪ್ಪನನ್ನು ಹೊಲ ತೋರಿಸಲು ಕರೆದೊಯ್ದ. ಮನೆ ಶಿವಕಾಂತಮ್ಮನ ಮನೆಗಿಂತ ಚೊಕ್ಕಟವಾಗಿತ್ತು. ಅದಕ್ಕೂ ಆಕೆಗೆ ಸಿಟ್ಟು ಬಂತು. ಅಷ್ಟರಲ್ಲಿ ಮೂಲೆಯಲ್ಲಿ ಅಮೃತಪ್ಪನ ಅಕ್ಕ ಚಂದಮ್ಮ ಕಂಡಳು. ಮುದುಕಿಯ ಬಾಯಲ್ಲಿ ಮುಂದಿನ ಹಲ್ಲು ಒಂದೂ ಇಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ ಚೀಪುತ್ತಿದ್ದಳು. ಗದ್ದದ ಮೇಲೆ ಹಾಲು ಸೋರುತ್ತಿತ್ತು.

ಶಿವಕಾಂತಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು: ಮಾಟದವರು ಸಿಕ್ಕಿಬಿದ್ದರೆ ಮುಂದಿನ ಹಲ್ಲು ಕೀಳುತ್ತಾರೆ, ಮಂತ್ರ ನೆಟ್ಟಗೆ ಹೊರಡದಿರಲಿ ಎಂದು. ಹಾಗಾದರೆ ಮಾಟಗಾತಿ ಈ ಮನೆಯಲ್ಲೇ ಕೂತಿದ್ದಾಳೆ! ಮಗಳು ನೋಡಿದರೆ ಆ ಎಂಜಲು ಗದ್ದವನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಾಳೆ.

"ಛೀ! ಕೈ ತೊಳಕೋ. ನಾಳಿಗೇ ಹೋಗೂಣು ನಡಿ," ಅಂದಳು ಶಿವಕಾಂತಮ್ಮ.

ಅಂಗಳದಲ್ಲಿ ಮೂರು ಕಲ್ಲು ಹೂಡಿ, ತನ್ನದೇ ಬೇಳೆ ಬೇಯಿಸಿದಳು. ಪಾತ್ರೆ ಇಳಿಸಲು ಇಕ್ಕಳ ತೆಗೆದಳು. ತವರಿನಿಂದ ಮದುವೆಯಲ್ಲಿ ಬಂದ ಹಳೆಯ ಇಕ್ಕಳ ಅದು. ಮುರಿದ ಒಂದು ಕಾಲಿಗೆ ತಾಮ್ರದ ತಂತಿ ಸುತ್ತಿತ್ತು.

ಹೊಸ್ತಿಲಿಗೆ ಬಂದು ನೋಡುತ್ತಿದ್ದ ಚಂದಮ್ಮನ ಕೈಯ ಬಟ್ಟಲು ಬಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು.

"ನಿಮ್ಮ ತವರು ಯಾವೂರ್ರಿ?" ಬೆರಳ ಸಂದಿಯಿಂದ ಕೇಳಿದಳು.

ಶಿವಕಾಂತಮ್ಮ ಊರಿನ ಹೆಸರು ಹೇಳಿದಳು.

"ನನ್ನ ಕೊಟ್ಟ ಮನಿ ಆ ಊರಾಗೇ ಇತ್ತು. ನನ್ನ ಹಲ್ಲು ಕೀಳಾಕ ಈ ಇಕ್ಕಳ ಒಬ್ಬಾಕಿ ಹುಡುಗಿ ಒಳಗಿಂದ ಓಡಿ ಬಂದು ಕೊಟ್ಟಿದ್ಲು. ಗೌಡ್ರ ಮಗಳು." ಮುದುಕಿ ಆಕೆಯ ಮುಖವನ್ನೇ ನೋಡಿದಳು. "ಆ ಹುಡುಗಿ ನೀನೇನು?"

ಶಿವಕಾಂತಮ್ಮ ಇಕ್ಕಳವನ್ನು ನೆಲಕ್ಕಿಟ್ಟಳು. ಆಗ ಆಕೆಗೆ ಎಂಟು ವರ್ಷ. ಊರಿಗೆ ಕಾಲರಾ ಬಂದು ಎರಡು ಕೂಸು ಸತ್ತಿದ್ದವು. ಓಣಿಯಲ್ಲಿ ಹೊರಗಿನವಳೆಂದರೆ ಒಬ್ಬಳೇ, ಚಿಂಚೋಳಿಯಿಂದ ಬಂದ ಹೊಸ ಸೊಸೆ. ಆಕೆಯನ್ನು ನಾಲ್ವರು ಶಿವಭಕ್ತ ಗೌಡನಾದ ಅಪ್ಪನ ಅಂಗಳದಲ್ಲಿ ಒತ್ತಿ ಹಿಡಿದಿದ್ದರು. ಅಪ್ಪ ಕೂಗಿ ಹೇಳಿದ್ದ, ಒಲೆಯ ಮುಂದಿನ ಇಕ್ಕಳ ತಾ ಎಂದು. ಅಷ್ಟು ಜನರ ಮುಂದೆ ಅಪ್ಪ ತನ್ನ ಹೆಸರು ಕೂಗಿದನಲ್ಲ ಎಂದು ಹಿಗ್ಗಿ ಓಡಿದ್ದಳು. ಆಮೇಲೆ ಅವ್ವ ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ಅಂದು ಸಂಜೆ ಹಾಲಿನ ಪಾತ್ರೆಯನ್ನು ಅದರಿಂದಲೇ ಇಳಿಸಿದರು. ಎಲ್ಲರೂ ಆ ಹಾಲು ಕುಡಿದರು.

ಆಕೆಯೂ ಕುಡಿದಿದ್ದಳು. ಮದುವೆಯಾಗಿ ಬಂದಮೇಲೆ ದಿನವೂ ಅದೇ ಇಕ್ಕಳ, ಮಗಳಿಗೆ ಕಾಸಿದ ಹಾಲಿಗೂ ಅದೇ. ಶಿವಕಾಂತಮ್ಮ ಅಂಗಳದ ಮೂಲೆಗೆ ಓಡಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಳು. ವಿಮಲಾಬಾಯಿ ಚೊಂಬಿನಲ್ಲಿ ನೀರು ತಂದಳು. ಚಿಂಚೋಳಿಯ ನೀರು. ಕುಡಿದಳು. ನೀರು ನೀರಿನಂತೆಯೇ ಇತ್ತು.

"ದೊಡ್ಡತ್ತಿ ಹೇಳೂದು ಖರೇನೇನವ್ವಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ನಾ ಎಂಟು ವರ್ಷದಾಕಿ ಇದ್ದೆ. ಅಪ್ಪ ತಾ ಅಂದ, ತಂದೆ."

"ಆಗ ಎಂಟು ವರ್ಷದಾಕಿ ಇದ್ದಿ, ಖರೆ. ಆಮ್ಯಾಲ ಮೂವತ್ತು ವರ್ಷ ಚಿಂಚೋಳಿಯವರಿಗಿ ಛೀ ಅಂದಿಯಲ್ಲ, ಅವಾಗ ಎಷ್ಟು ವರ್ಷದಾಕಿ ಇದ್ದಿ?"

ಶಿವಕಾಂತಮ್ಮ ಮಗಳ ಕೈ ಹಿಡಿಯಲು ಹೋದಳು. ವಿಮಲಾಬಾಯಿ ಕೈ ಹಿಂದಕ್ಕೆಳೆದುಕೊಂಡಳು.

"ನಾ ಬರಾಂಗಿಲ್ಲವ್ವಾ. ಇಲ್ಲೇ ಹಡೀತೀನಿ. ಆ ಮನಿಗಿ ಬರಾಕ ನಂಗ ಹೇಸಿಕಿ ಬರ್ತದ."

ಮರುದಿನ ಬಂಡಿಯಲ್ಲಿ ಇಬ್ಬರೇ ಹೊರಟರು. ಬಾಗಿಲ ಕಟ್ಟೆಯ ಮೇಲೆ ವಿಮಲಾಬಾಯಿ ಚಂದಮ್ಮನಿಗಾಗಿ ರೊಟ್ಟಿ ಮುರಿದು ಹಾಲಿಗೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಊರು ದಾಟುವ ತನಕ ತಡೆದುಕೊಂಡಿದ್ದ ಸೂಗಪ್ಪ ದನಿ ತಗ್ಗಿಸಿ ಕೇಳಿದ:

"ಮಗಳು ಹಿಂಗ್ಯಾಕ ಮಾಡಿದಳು? ಆ ಮುದುಕಿ ಏನರೆ ಭಾನಾಮತಿ ಮಾಡ್ಯಾಳೇನು?"

ಶಿವಕಾಂತಮ್ಮ ಗಂಟು ಬಿಚ್ಚಿ ಇಕ್ಕಳ ತೆಗೆದು ಗಂಡನ ತೊಡೆಯ ಮೇಲೆ ಇಟ್ಟಳು.

"ಆಕಿ ಅಲ್ಲರಿ. ಮಾಡಿದ್ದು ನಮ್ಮಪ್ಪ," ಅಂದಳು. "ಸಾಮಾನು ನಾ ತಂದು ಕೊಟ್ಟಿದ್ದೆ."